ಹಾಡು ನಕಲು ಮಾಡಿದವನೂ ಗೂಂಡಾನೇ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಕೆಲವು ವರ್ಷಗಳ ಹಿಂದೆ ಸಂತೆಗೆ ಬಂದವರು ಮೊಬೈಲ್ ಅಂಗಡಿಗೂ ಹೋಗಿ, ಹತ್ತಿಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡಿನ ತುಂಬ ಹಾಡು ಹಾಕಿಸಿಕೊಂಡು ಊರಿಗೆ ಮರಳುತ್ತಿದ್ದರು. ಭಜನಾ ಪದ, ಸಿನಿಮಾ ಹಾಡು, ಗಡಿಸೀಮೆಯಾದ್ದರಿಂದ ಮರಾಠಿ ಗೀತೆ, ಎಲ್ಲವೂ ಒಂದೇ ಕಾರ್ಡಿನಲ್ಲಿ. ಇದು ಅಪರಾಧವೆಂದು ಯಾರಿಗೂ ಅನಿಸಿರಲಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯ ಕಣ್ಣಿನಲ್ಲಿ ಅನುಮತಿಯಿಲ್ಲದ ಈ ವ್ಯಾಪಾರ ತಪ್ಪೇ. ಆದರೆ ತಪ್ಪಿಗೆ ತಕ್ಕ ದಂಡ ಎಷ್ಟು? ಅಂತರಜಾಲದ ಪ್ರತಿಭಟನೆಗಳೆಲ್ಲ ಎತ್ತಿದ್ದು ಈ ಪ್ರಶ್ನೆಯನ್ನೇ.

2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ 24 ಗಂಟೆ ಕಾಲ ತನ್ನ ಪುಟಗಳನ್ನು ಮುಚ್ಚಿತು. ನಕಲಿನ ಆರೋಪ ಹೊತ್ತ ತಾಣಗಳನ್ನೇ ತಡೆಯಲು ಅವಕಾಶ ಕೊಡುವ ‘ಸೋಪಾ’, ‘ಪಿಪಾ’ ಮಸೂದೆಗಳು ಆಗ ಅಮೆರಿಕದ ಸಂಸತ್ತಿನ ಮುಂದಿದ್ದವು. ಎರಡೇ ದಿನಗಳಲ್ಲಿ ಅವು ಮೂಲೆ ಸೇರಿದವು.

ಅದೇ ವರ್ಷ ನಮ್ಮಲ್ಲಿಯೂ ಬಿಸಿ ತಟ್ಟಿತು. ತಮಿಳಿನ ‘3’ ಮೊದಲಾದ ಚಿತ್ರಗಳ ನಕಲು ತಡೆಯಲು ಮದ್ರಾಸ್ ಹೈಕೋರ್ಟ್ ನೀಡಿದ ಆದೇಶವನ್ನು ಮುಂದಿಟ್ಟುಕೊಂಡು ಅಂತರಜಾಲ ಕಂಪನಿಗಳು ವಿಮಿಯೋದಂಥ ಇಡೀ ತಾಣಗಳನ್ನೇ ಮುಚ್ಚಿಬಿಟ್ಟವು. ಒಂದು ಇಲಿಗಾಗಿ ಕಣಜಕ್ಕೇ ಬೀಗ! ಜೂನ್ 9ರಂದು ಬೆಂಗಳೂರು ಸೇರಿ ಹಲವು ನಗರಗಳಲ್ಲಿ ಯುವಕರು ಮುಖವಾಡ ಧರಿಸಿ ಬೀದಿಗಿಳಿದರು. ಜೂನ್ 22ರಂದು ಹೈಕೋರ್ಟ್, ನಕಲು ಇರುವ ನಿರ್ದಿಷ್ಟ ಪುಟವನ್ನಷ್ಟೇ ತಡೆಯಬೇಕು, ಇಡೀ ತಾಣವನ್ನಲ್ಲ ಎಂದು ಸ್ಪಷ್ಟಪಡಿಸಿತು.

ಕರ್ನಾಟಕದ ಕಥೆ ಬೇರೆ. 1985ರ ‘ಗೂಂಡಾ ಕಾಯ್ದೆ’ಗೆ 2014ರಲ್ಲಿ ತಿದ್ದುಪಡಿ ತಂದು ‘ಡಿಜಿಟಲ್ ಅಪರಾಧಿ’ಯನ್ನು ಸೇರಿಸಲಾಯಿತು. ಲಾಭಕ್ಕಾಗಿ, ಗೊತ್ತಿದ್ದೂ ಕೃತಿಸ್ವಾಮ್ಯ ಉಲ್ಲಂಘಿಸುವವನೂ ಈ ಪಟ್ಟಿಗೆ ಬಂದ. ಅಂತರಜಾಲದಲ್ಲಿ ಟೀಕೆಗಳೆದ್ದವು, ಕಾರಣವೂ ಇತ್ತು. ಕೃತಿಸ್ವಾಮ್ಯ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಸೆರೆಯುಂಟು, ಆದರೆ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗಬೇಕು. ಗೂಂಡಾ ಕಾಯ್ದೆಯಲ್ಲಾದರೋ ಸಲಹಾ ಮಂಡಳಿ ಒಪ್ಪಿದರೆ ಸಾಕು, ವಿಚಾರಣೆಯಿಲ್ಲದೆಯೇ 12 ತಿಂಗಳವರೆಗೆ ಬಂಧನದಲ್ಲಿಡಬಹುದು.

ಹಾಗೆಂದು ನಕಲು ನಿರಪಾಯವಲ್ಲ. ಆ ಮೆಮೊರಿ ಕಾರ್ಡಿನಲ್ಲಿದ್ದ ಭಜನಾ ಪದ ಹಾಡಿದವನು ಪಕ್ಕದೂರಿನವನೇ ಆಗಿರಬಹುದು. ಹತ್ತಿಪ್ಪತ್ತು ರೂಪಾಯಿಯಲ್ಲಿ ಅವನಿಗೆ ಬಿಡಿಗಾಸೂ ಸೇರಲಿಲ್ಲ. ಅವನ ಪಾಲು ಅವನಿಗೆ ಸಲ್ಲಬೇಕು. ಆದರೆ ಅಂಗಡಿಯವನ ತಪ್ಪನ್ನು ತೂಗಬೇಕಾದದ್ದು ನ್ಯಾಯಾಲಯದ ತಕ್ಕಡಿ. ಗೂಂಡಾ ಎಂಬ ಹಣೆಪಟ್ಟಿಯಲ್ಲ.