ತ್ರೀ ಫೇಸ್ ಮನೆಯ ಲೆಕ್ಕ

ಹಳೇಬೀಡಿನ ಸುತ್ತಿನ ತೋಟಗಳಲ್ಲಿ ‘ಕರೆಂಟು ಬಂತಾ?’ ಎಂದರೆ ಸಾಲದು, ‘ತ್ರೀ ಫೇಸ್ ಬಂತಾ?’ ಎಂದೇ ಕೇಳಬೇಕು. ಸಿಂಗಲ್ ಫೇಸಿನಲ್ಲಿ ಬಲ್ಬು ಉರಿಯುತ್ತದೆ, ತೋಟದ ಮೋಟಾರು ಏಳುವುದಿಲ್ಲ. ಅಳತೆಗಳ ಚರಿತ್ರೆ ಓದುವ ನನಗೆ ಮಾತ್ರ ಬೇರೆಯೇ ಕುತೂಹಲ: ಬಂದ ಕರೆಂಟನ್ನು ಅಳೆಯುವವರು ಯಾರು?

ಮೈಸೂರು ಸಂಸ್ಥಾನದಲ್ಲಿ ತ್ರೀ ಫೇಸ್ ಮೊದಲು ಹೋದದ್ದು ಮನೆಗಲ್ಲ, ಚಿನ್ನದ ಗಣಿಗೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರಕ್ಕೆ ತಂತಿ ಎಳೆದಾಗ ಯೂನಿಟ್ಟಿನ ಮಾತಿರಲಿಲ್ಲ. ಒಂದು ಅಶ್ವಶಕ್ತಿಗೆ ವರ್ಷಕ್ಕೆ ಇಷ್ಟು ಎಂಬ ಕರಾರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ.

ಅಳೆಯುವ ವಿದ್ಯೆ ಅದಕ್ಕೂ ಮೊದಲೇ ಇತ್ತು. ಫ್ರಾನ್ಸಿನ ಆಂದ್ರೆ ಬ್ಲಾಂಡೆಲ್ 1893ರಲ್ಲಿ ತೋರಿಸಿದ್ದು ಇಷ್ಟೇ: ತಂತಿಗಳು ಎಷ್ಟಿವೆಯೋ ಅದಕ್ಕಿಂತ ಒಂದು ಕಡಿಮೆ ವ್ಯಾಟ್‌ಮೀಟರ್ ಸಾಕು. ಮೂರು ತಂತಿಗೆ ಎರಡು. ಮನೆಗೆ ಮೂರು ಫೇಸಿನ ಜೊತೆ ನ್ಯೂಟ್ರಲ್ ಸೇರಿ ನಾಲ್ಕು ತಂತಿ, ಹಾಗಾಗಿ ಮೂರು. ಮೋಟಾರು ಮೂರೂ ಫೇಸಿನಿಂದ ಸಮನಾಗಿ ಎಳೆಯುತ್ತದೆ. ಒಂದನ್ನು ಅಳೆದು ಮೂರರಿಂದ ಗುಣಿಸಿದರೂ ನಡೆದೀತು. ಮನೆ ಹಾಗಲ್ಲ. ಒಂದು ಫೇಸಿನಲ್ಲಿ ಗೀಸರ್ 10 ಆಂಪಿಯರ್ ಎಳೆಯುತ್ತಿದೆ, ಇನ್ನೊಂದರಲ್ಲಿ ಇಸ್ತ್ರಿಪೆಟ್ಟಿಗೆ 3, ಮೂರನೆಯದು ಖಾಲಿ ಎನ್ನೋಣ. 230 ವೋಲ್ಟಿಗೆ ನಿಜವಾದ ಮೊತ್ತ 2,990 ವ್ಯಾಟ್. ಗೀಸರಿನದನ್ನೇ ಮೂರರಿಂದ ಗುಣಿಸಿದರೆ 6,900! ಫ್ರಿಜ್ಜು, ಪಂಪುಗಳಲ್ಲಿ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೂ ವ್ಯಾಟ್ ಸಿಗುವುದಿಲ್ಲ, ಪವರ್ ಫ್ಯಾಕ್ಟರ್ ಅಡ್ಡ ಬರುತ್ತದೆ. ಹಳೆಯ ಮೀಟರಿನ ಜಾಣತನ ನನಗಿಷ್ಟ. ಪ್ರತಿ ಫೇಸಿನ ಸುರುಳಿಯೂ ಒಂದೇ ಅಚ್ಚನ್ನು ತಿರುಗಿಸುತ್ತಿತ್ತು; ಕೂಡುವ ಕೆಲಸವನ್ನು ಅಲ್ಯೂಮಿನಿಯಂ ತಟ್ಟೆಯೇ ಮಾಡುತ್ತಿತ್ತು.

(ಹಳೆಯ ಶಾಸನಗಳಲ್ಲಿ ‘ಕಂಬ’ವೆಂದರೆ ಭೂಮಿಯ ಅಳತೆ. ಈಗ ಊರಿನಲ್ಲಿ ಕಂಬವೆಂದರೆ ಲೈಟುಕಂಬ.)

ಪಂಪ್‌ಸೆಟ್ಟಿನ ಕಥೆ ತಿರುಗಿ ಕೋಲಾರದ ದಾರಿ ಹಿಡಿಯಿತು. ಒಂದು ಕಾಲಕ್ಕೆ ಎಚ್‌ಪಿ ನೋಡಿ ದರ, ಆಮೇಲೆ 10 ಎಚ್‌ಪಿವರೆಗೆ ಪುಕ್ಕಟೆ. ಬಹುಪಾಲಿಗೆ ಮೀಟರಿಲ್ಲ, ಎಷ್ಟು ಎಳೆದವೆಂಬುದು ಅಂದಾಜು. ರೈತರಿಗೆ ಪುಕ್ಕಟೆ ಕೊಟ್ಟದ್ದಕ್ಕೆ ನನ್ನ ತಕರಾರಿಲ್ಲ, ಅಳೆಯದೆ ಕೊಟ್ಟದ್ದಕ್ಕೆ ಇದೆ. 2023ರ ಗೃಹಜ್ಯೋತಿಯೂ ಪುಕ್ಕಟೆಯೇ, ಆದರೆ ಹಿಂದಿನ ಬಳಕೆಯ ಸರಾಸರಿ ನೋಡಿ, 200 ಯೂನಿಟ್ಟಿನ ಮಿತಿ ಹಾಕಿ, ತಿಂಗಳು ತಿಂಗಳು ಸೊನ್ನೆ ಬಿಲ್ಲು ಕೊಡುತ್ತದೆ. ಅಡುಗೆಮನೆಯ ಮಿಕ್ಸಿಗೆ ಲೆಕ್ಕವಿದೆ. ಹಿತ್ತಲಾಚೆ ಬೋರ್‌ವೆಲ್ಲಿನಿಂದ ನೀರೆತ್ತುವ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದಲ್ಲಿ, ಮೀಟರ್ ಇರಬೇಕಾದ ಜಾಗ ಖಾಲಿ.