ಹಿರೋಶಿಮಾ–ನಾಗಸಾಕಿ ಅಣುಬಾಂಬ್ ದಾಳಿ: ನೈತಿಕ ಚರ್ಚೆಯ ಚರಿತ್ರೆ

ಯುದ್ಧದಲ್ಲಿ ಅಣುಬಾಂಬ್ ಬಳಕೆಯಾದದ್ದು ಎರಡೇ ಸಲ: 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ, 9ರಂದು ನಾಗಸಾಕಿಯ ಮೇಲೆ. ಆ ವರ್ಷದ ಕೊನೆಯೊಳಗೆ ಸತ್ತವರು 1.1 ಲಕ್ಷದಿಂದ 2.1 ಲಕ್ಷ ಎಂಬ ಅಂದಾಜುಗಳಿವೆ. ಅವರಲ್ಲಿ ಹೆಚ್ಚಿನವರು ನಾಗರಿಕರು.

ಬಾಂಬ್ ಬೀಳುವ ಮೊದಲೇ ಆಕ್ಷೇಪ ಎದ್ದಿತ್ತು. ಜೇಮ್ಸ್ ಫ್ರಾಂಕ್ ನೇತೃತ್ವದಲ್ಲಿ, ಬಾಂಬ್ ಯೋಜನೆಯಲ್ಲಿದ್ದ ಶಿಕಾಗೋ ವಿಜ್ಞಾನಿಗಳು ಜೂನ್ ತಿಂಗಳಲ್ಲಿ ವರದಿ ಕೊಟ್ಟು, ಜನರಿಲ್ಲದ ಜಾಗದಲ್ಲಿ ಬಾಂಬ್ ಸಿಡಿಸಿ ತೋರಿಸಿದರೆ ಸಾಕೆಂದರು. ಆಪೆನ್‌ಹೈಮರ್, ಫರ್ಮಿ, ಲಾರೆನ್ಸ್, ಕಾಂಪ್ಟನ್ ಇದ್ದ ವಿಜ್ಞಾನಿಗಳ ಸಲಹಾ ಮಂಡಳಿ, ನೇರ ಸೈನಿಕ ಬಳಕೆಯ ಹೊರತು ಬೇರೆ ದಾರಿ ಕಾಣದೆಂದಿತು.

ಅಮೆರಿಕದ ಅಧ್ಯಕ್ಷ ಟ್ರೂಮನ್ ಸಾಧಕಬಾಧಕಗಳನ್ನು ತೂಗಿ ನಿರ್ಧರಿಸಿದರೆಂದು ಅನೇಕ ಪುಸ್ತಕಗಳು ಹೇಳುತ್ತವೆ. ದಾಖಲೆಗಳಲ್ಲಿ ಚಿತ್ರ ಇಷ್ಟು ನೇರವಾಗಿಲ್ಲ. ಜುಲೈ 25ರ ಸೇನಾ ಆದೇಶದಲ್ಲಿ ಹಿರೋಶಿಮಾ, ಕೊಕುರಾ, ನೀಗಾತಾ, ನಾಗಸಾಕಿ ಎಂಬ ನಾಲ್ಕು ನಗರಗಳ ಹೆಸರಿದೆ. ಮುಂದಿನ ಬಾಂಬುಗಳನ್ನು ಸಿದ್ಧವಾದಂತೆಲ್ಲ ಹಾಕಬೇಕೆಂದಿದೆ. ಅಂದರೆ ನಾಗಸಾಕಿಗೆ ಪ್ರತ್ಯೇಕ ಅಪ್ಪಣೆಯೇ ಬೇಕಿರಲಿಲ್ಲ. ಅದೇ ದಿನದ ದಿನಚರಿಯಲ್ಲಿ ಟ್ರೂಮನ್, ಗುರಿ ಸೈನಿಕ ನೆಲೆಗಳೇ ಹೊರತು ಹೆಂಗಸರು ಮಕ್ಕಳಲ್ಲ ಎಂದು ಬರೆದುಕೊಂಡಿದ್ದಾರೆ. ಅವರಿಗೆ ಗುರಿಯ ಸ್ವರೂಪವೇ ಸರಿಯಾಗಿ ತಿಳಿದಿರಲಿಲ್ಲವೆಂದು ಇತಿಹಾಸಕಾರ ಅಲೆಕ್ಸ್ ವೆಲ್ಲರ್‌ಸ್ಟೈನ್ ವಾದಿಸುತ್ತಾರೆ. ಇದನ್ನು ಒಪ್ಪದವರೂ ಇದ್ದಾರೆ. ಆಗಸ್ಟ್ 10ರಂದು, ತಮ್ಮ ಅನುಮತಿಯಿಲ್ಲದೆ ಇನ್ನೊಂದು ಬಾಂಬ್ ಹಾಕಬಾರದೆಂದು ಟ್ರೂಮನ್ ತಡೆದರು. ಮತ್ತೊಂದು ಲಕ್ಷ ಜನರನ್ನು, ಅಷ್ಟು ಮಕ್ಕಳನ್ನು ಕೊಲ್ಲುವ ಯೋಚನೆಯೇ ಅವರಿಗೆ ಅಸಹ್ಯವಾಗಿತ್ತೆಂದು ಸಚಿವ ಹೆನ್ರಿ ವ್ಯಾಲೇಸ್ ಅಂದೇ ಬರೆದಿಟ್ಟರು. ನೈತಿಕ ಚರ್ಚೆಗೆ ಆಗಸ್ಟ್ 6ಕ್ಕಿಂತ ಈ ದಿನವೇ ಹೆಚ್ಚು ಮುಖ್ಯ. ಆದರೂ ಇದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಎರಡನೆಯ ಗೊಂದಲ ಸಂಖ್ಯೆಯದು. ಜಪಾನಿನ ಮೇಲೆ ನೆಲದಾಳಿ ನಡೆದಿದ್ದರೆ ಅಮೆರಿಕದ ಪಡೆಗಳಲ್ಲೇ ಸತ್ತವರು, ಗಾಯಗೊಂಡವರು ಸೇರಿ ಹತ್ತು ಲಕ್ಷ ದಾಟಬಹುದಿತ್ತೆಂದು ಮಾಜಿ ಯುದ್ಧ ಸಚಿವ ಸ್ಟಿಮ್ಸನ್ 1947ರಲ್ಲಿ ಬರೆದರು. ಮುಂದೆ ಇದು ಹತ್ತು ಲಕ್ಷ ಜೀವ ಉಳಿಸಿದ ಮಾತಾಗಿ ಬಳಕೆಗೆ ಬಂತು. ಸೇನಾ ಯೋಜಕರ 1945ರ ಜೂನ್ ಟಿಪ್ಪಣಿಯೊಂದರಲ್ಲಿದ್ದ ಅಂದಾಜು ಸುಮಾರು 40,000 ಸಾವು. ಇತಿಹಾಸಕಾರ ಬಾರ್ಟನ್ ಬರ್ನ್‌ಸ್ಟೈನ್ ಇದನ್ನು 1980ರ ದಶಕದಲ್ಲಿ ಮುಂದಿಟ್ಟರು. 1945ರ ಜುಲೈನಲ್ಲಿ ಭೌತವಿಜ್ಞಾನಿ ವಿಲಿಯಂ ಶಾಕ್ಲಿ ಹೇಳಿದ್ದು 4ರಿಂದ 8 ಲಕ್ಷ ಸಾವು. ಯಾವ ಅಂಕಿಯನ್ನು ಯಾರು ನೋಡಿದ್ದರೆಂಬ ಜಗಳ ಇನ್ನೂ ಮುಗಿದಿಲ್ಲ.

ಲೆಕ್ಕ ಏನೇ ಇರಲಿ, ನಿರಪರಾಧಿಗಳನ್ನು ಕೊಲ್ಲುವುದನ್ನೇ ಉಪಾಯವಾಗಿಸಿಕೊಂಡರೆ ಅದು ಕೊಲೆಯೇ ಎಂದು ತತ್ವಶಾಸ್ತ್ರಜ್ಞೆ ಎಲಿಜಬೆತ್ ಆನ್ಸ್‌ಕೂಂಬ್ 1956ರಲ್ಲಿ ವಾದಿಸಿ, ಟ್ರೂಮನ್‌ಗೆ ಆಕ್ಸ್‌ಫರ್ಡ್ ಗೌರವ ಪದವಿ ಕೊಡುವುದನ್ನು ವಿರೋಧಿಸಿದರು. ಟೋಕಿಯೊ ಯುದ್ಧಾಪರಾಧ ವಿಚಾರಣೆಯ ಭಾರತೀಯ ನ್ಯಾಯಾಧೀಶ ರಾಧಾಬಿನೋದ್ ಪಾಲ್ ತಮ್ಮ ಭಿನ್ನಮತದ ತೀರ್ಪಿನಲ್ಲಿ ಈ ಪ್ರಶ್ನೆಯನ್ನು ಮೊದಲೇ ಎತ್ತಿದ್ದರು. 1963ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ದಾಳಿಯನ್ನು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧವೆಂದು ಸಾರಿತು. ಸಂತ್ರಸ್ತರ ಪರಿಹಾರದ ಬೇಡಿಕೆಯನ್ನು ಮಾತ್ರ ತಳ್ಳಿಹಾಕಿತು.

ದೇಶದ ಉಳಿವೇ ಅಪಾಯಕ್ಕೆ ಸಿಕ್ಕಾಗ ಅಣ್ವಸ್ತ್ರ ಬಳಸಬಹುದೇ ಎಂಬ ಪ್ರಶ್ನೆಗೆ 1996ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಖಚಿತ ಉತ್ತರ ಕೊಡಲಿಲ್ಲ. ಮತ 7–7 ಆಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಆ ಅಭಿಪ್ರಾಯ ಹೊರಬಂತು. 2017ರ ಅಣ್ವಸ್ತ್ರ ನಿಷೇಧ ಒಪ್ಪಂದ 2021ರಲ್ಲಿ ಜಾರಿಯಾಯಿತು. ಭಾರತವೂ ಸೇರಿ ಅಣ್ವಸ್ತ್ರವುಳ್ಳ ಯಾವ ದೇಶವೂ ಅದಕ್ಕೆ ಸೇರಿಲ್ಲ, ಜಪಾನೂ ಸೇರಿಲ್ಲ.