ಹೊರರಾಜ್ಯಕ್ಕೆ ಮೊದಲ ಬಾರಿ ಸರಕು ಸಾಗಿಸುವ ಲಾರಿ ಚಾಲಕರ ಗಮನಕ್ಕೆ

ಕರ್ನಾಟಕದಲ್ಲಿ ನೋಂದಣಿಯಾದ ಸರಕು ಸಾಗಣೆ ವಾಹನವನ್ನು ಮೊದಲ ಬಾರಿಗೆ ರಾಜ್ಯದ ಗಡಿ ದಾಟಿಸುವ ಚಾಲಕರು ಹಾಗೂ ವಾಹನ ಮಾಲೀಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ದಾಖಲೆಯೊಂದರ ಅವಧಿ ಮುಗಿದಿರುವುದು ಊರಿನಲ್ಲಿಯೇ ತಿಳಿದುಬಂದಲ್ಲಿ ಅದನ್ನು ಸರಿಪಡಿಸಿಕೊಂಡು ಹೊರಡಬಹುದು. ಅದೇ ಲೋಪವು ಗಡಿಯಲ್ಲಿ ಕಂಡುಬಂದಲ್ಲಿ ವಾಹನ, ಸರಕು ಮತ್ತು ಚಾಲಕ ಮೂರೂ ಅಲ್ಲಿಯೇ ನಿಲ್ಲಬೇಕಾಗುತ್ತದೆ. ಆದುದರಿಂದ ಸರಕು ತುಂಬುವ ಮುನ್ನವೇ ಕೆಳಕಂಡ ಅಂಶಗಳನ್ನು ಪರಿಶೀಲಿಸಿಕೊಳ್ಳತಕ್ಕದ್ದು.

1. ಚಾಲನಾ ಪರವಾನಗಿ

ಕರ್ನಾಟಕದಲ್ಲಿ ಪಡೆದ ಚಾಲನಾ ಪರವಾನಗಿಯು ಭಾರತದಾದ್ಯಂತ ಊರ್ಜಿತವಾಗಿರುತ್ತದೆ. ಹೊರರಾಜ್ಯಕ್ಕೆಂದು ಪ್ರತ್ಯೇಕ ಪರವಾನಗಿಯ ಅಗತ್ಯವಿಲ್ಲ. ಆದರೆ ಪರವಾನಗಿಯಲ್ಲಿ ಸಾರಿಗೆ ವಾಹನ ಚಾಲನೆಗೆ ಸಂಬಂಧಿಸಿದ ನಮೂದು ಇರತಕ್ಕದ್ದು. 2019ರ ತಿದ್ದುಪಡಿಯ ನಂತರ ಸಾರಿಗೆ ವಾಹನ ಚಾಲನಾ ಪರವಾನಗಿಯ ಅವಧಿಯು 5 ವರ್ಷಗಳಾಗಿದ್ದು, ಅವಧಿ ಮುಗಿಯುವ 1 ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ. ಪೆಟ್ರೋಲಿಯಂ, ಅಡುಗೆ ಅನಿಲ, ಆಮ್ಲ ಮುಂತಾದ ಅಪಾಯಕಾರಿ ಸರಕುಗಳನ್ನು ಸಾಗಿಸುವವರು ನಿಗದಿತ ತರಬೇತಿ ಪಡೆದು, ಪರವಾನಗಿಯಲ್ಲಿ ಆ ಬಗ್ಗೆ ಪ್ರತ್ಯೇಕ ನಮೂದನ್ನು ಮಾಡಿಸಿಕೊಂಡಿರತಕ್ಕದ್ದು.

2. ವಾಹನದ ದಾಖಲೆಗಳು

ವಾಹನದೊಂದಿಗೆ ಈ ಕೆಳಕಂಡ ದಾಖಲೆಗಳು ಚಾಲ್ತಿಯಲ್ಲಿರತಕ್ಕದ್ದು:

ಅ) ನೋಂದಣಿ ಪ್ರಮಾಣ ಪತ್ರ
ಆ) ಅರ್ಹತಾ ಪ್ರಮಾಣ ಪತ್ರ (ಎಫ್‌.ಸಿ.)
ಇ) ವಿಮಾ ಪತ್ರ
ಈ) ರಹದಾರಿ ಮತ್ತು ಅದರ ಅಧಿಕಾರ ಪತ್ರ
ಉ) ತೆರಿಗೆ ಪಾವತಿಸಿದ ಬಗ್ಗೆ ದಾಖಲೆ
ಊ) ವಾಯುಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರ

ಸಾರಿಗೆ ವಾಹನಗಳ ಅರ್ಹತಾ ಪ್ರಮಾಣ ಪತ್ರವನ್ನು ವಾಹನಕ್ಕೆ 8 ವರ್ಷ ತುಂಬುವವರೆಗೆ 2 ವರ್ಷಗಳಿಗೊಮ್ಮೆ, ತದನಂತರ ಪ್ರತಿ ವರ್ಷ ನವೀಕರಿಸಬೇಕಾಗುತ್ತದೆ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮೂಲಕ ಮೊಬೈಲಿನಲ್ಲಿ ತೋರಿಸುವ ದಾಖಲೆಗಳು ಮೂಲ ದಾಖಲೆಗಳಿಗೆ ಸಮಾನವೆಂದು ಪರಿಗಣಿಸಲ್ಪಡುತ್ತವೆ. ಆದಾಗ್ಯೂ ಘಟ್ಟ ಹಾಗೂ ಅರಣ್ಯ ಪ್ರದೇಶಗಳಲ್ಲಿ ಮೊಬೈಲ್ ಸಂಪರ್ಕ ದೊರೆಯದಿರುವ ಸಂಭವವಿರುವುದರಿಂದ ಮುದ್ರಿತ ಪ್ರತಿಗಳ ಒಂದು ಕಡತವನ್ನು ಕ್ಯಾಬಿನ್‌ನಲ್ಲಿ ಇರಿಸಿಕೊಳ್ಳುವುದು ಸೂಕ್ತ.

3. ರಹದಾರಿ

ರಾಜ್ಯದೊಳಗಿನ ಸರಕು ಸಾಗಣೆ ರಹದಾರಿಯು ಗಡಿಯಾಚೆಗೆ ಅನ್ವಯಿಸುವುದಿಲ್ಲ. ಹೊರರಾಜ್ಯಕ್ಕೆ ತೆರಳಲು ಮೋಟಾರು ವಾಹನಗಳ ಅಧಿನಿಯಮ, 1988ರ 88ನೇ ಪ್ರಕರಣದಡಿ ರಾಷ್ಟ್ರೀಯ ರಹದಾರಿ ಅಥವಾ ಸಂಬಂಧಪಟ್ಟ ರಾಜ್ಯದ ಮೇಲು ರುಜು ಇರತಕ್ಕದ್ದು. ಒಮ್ಮೆ ಮಾತ್ರ ಹೋಗಿಬರುವ ಸಂದರ್ಭದಲ್ಲಿ 87ನೇ ಪ್ರಕರಣದಡಿ ತಾತ್ಕಾಲಿಕ ರಹದಾರಿಯನ್ನು ಪಡೆಯಬಹುದು. ಒಟ್ಟು ಭಾರ 3,000 ಕಿಲೋಗ್ರಾಂ ಮೀರದ ಸರಕು ವಾಹನಗಳಿಗೆ ರಹದಾರಿಯಿಂದ ವಿನಾಯಿತಿ ಇದೆ.

2010ಕ್ಕೆ ಮೊದಲು ರಾಷ್ಟ್ರೀಯ ರಹದಾರಿಗೆ ಪ್ರತಿ ರಾಜ್ಯಕ್ಕೂ ಪ್ರತ್ಯೇಕವಾಗಿ ಹಣ ಪಾವತಿಸಬೇಕಾಗಿತ್ತು. ಆ ವರ್ಷದ ಮೇ ತಿಂಗಳಿನಿಂದ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಸಂಯುಕ್ತ ಶುಲ್ಕದ ಪದ್ಧತಿ ಜಾರಿಗೆ ಬಂದಿತು. ರಹದಾರಿಯ ಅವಧಿ 5 ವರ್ಷಗಳಿದ್ದರೂ ಅದರ ಅಧಿಕಾರ ಪತ್ರವನ್ನು ಪ್ರತಿ ವರ್ಷ ನವೀಕರಿಸಬೇಕು. ರಹದಾರಿ ಚಾಲ್ತಿಯಲ್ಲಿದ್ದು ಅಧಿಕಾರ ಪತ್ರದ ಅವಧಿ ಮುಗಿದಿದ್ದರೆ ಹೊರರಾಜ್ಯ ಪ್ರವೇಶಕ್ಕೆ ಅವಕಾಶವಿರುವುದಿಲ್ಲ. ಹೊರಡುವ ದಿನಾಂಕದ ಜೊತೆಗೆ ಹಿಂತಿರುಗುವ ದಿನಾಂಕಕ್ಕೂ ಇದು ಚಾಲ್ತಿಯಲ್ಲಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ರಾಷ್ಟ್ರೀಯ ರಹದಾರಿಯ ಮೇಲೆ ಹೊರರಾಜ್ಯದ ಒಂದು ಊರಿನಿಂದ ಅದೇ ರಾಜ್ಯದ ಮತ್ತೊಂದು ಊರಿಗೆ ಸರಕು ಸಾಗಿಸುವಂತಿಲ್ಲ. ಉದಾಹರಣೆಗೆ, ಬೆಂಗಳೂರಿನಿಂದ ಪುಣೆಗೆ ಸರಕು ಇಳಿಸಿದ ಲಾರಿಯು ಪುಣೆಯಿಂದ ಕರ್ನಾಟಕಕ್ಕೆ ಬಾಡಿಗೆ ತರಬಹುದು. ಪುಣೆಯಿಂದ ನಾಸಿಕಕ್ಕೆ ಬಾಡಿಗೆ ಹೊಡೆಯುವುದು ರಹದಾರಿ ಷರತ್ತಿನ ಉಲ್ಲಂಘನೆಯಾಗುತ್ತದೆ.

4. ಸರಕಿನ ದಾಖಲೆಗಳು ಮತ್ತು ಇ-ವೇ ಬಿಲ್

ಸರಕಿನ ಬಿಲ್ಲು ಹಾಗೂ ಲಾರಿ ರಸೀದಿ (ಎಲ್‌.ಆರ್‌.) ಚಾಲಕರ ಬಳಿ ಇರತಕ್ಕದ್ದು. 2018ರ ಏಪ್ರಿಲ್ 1ರಿಂದ, 50,000 ರೂಪಾಯಿ ಮೌಲ್ಯ ಮೀರಿದ ಸರಕಿನ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾಗಿದೆ. ತಾಜಾ ತರಕಾರಿ, ಹಾಲು ಮುಂತಾದ ಕೆಲವು ಸರಕುಗಳಿಗೆ ಇದರಿಂದ ವಿನಾಯಿತಿ ಇದ್ದರೂ ಸರಕಿನ ಬಿಲ್ಲು ಇರಬೇಕಾಗುತ್ತದೆ.

ಇ-ವೇ ಬಿಲ್ಲಿನ 'ಬಿ' ಭಾಗದಲ್ಲಿರುವ ವಾಹನ ಸಂಖ್ಯೆಯನ್ನು ಲಾರಿಯ ಸಂಖ್ಯೆಯೊಂದಿಗೆ ಅಕ್ಷರಶಃ ಹೋಲಿಸಿ ನೋಡತಕ್ಕದ್ದು. ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರ್ ಅಥವಾ ಅದರ ಭಾಗಕ್ಕೆ 1 ದಿನದಂತೆ ಅವಧಿ ದೊರೆಯುತ್ತದೆ. ಅಂದರೆ 980 ಕಿಲೋಮೀಟರ್ ದೂರಕ್ಕೆ 5 ದಿನ. ವಾಹನ ಕೆಟ್ಟು ನಿಂತು ಅವಧಿ ಮೀರುವಂತಿದ್ದಲ್ಲಿ, ಮುಕ್ತಾಯಕ್ಕೆ 8 ಗಂಟೆ ಮೊದಲಿನಿಂದ 8 ಗಂಟೆ ನಂತರದವರೆಗೆ ಸಾಗಣೆದಾರರು ಅದನ್ನು ವಿಸ್ತರಿಸಬಹುದು. ಈ ಕಾರಣದಿಂದ ಚಾಲಕರು ಕೂಡಲೇ ದೂರವಾಣಿ ಮೂಲಕ ಸಾಗಣೆದಾರರಿಗೆ ತಿಳಿಸುವುದು ಅವಶ್ಯಕ. ಸರಕನ್ನು ಬೇರೆ ಲಾರಿಗೆ ವರ್ಗಾಯಿಸಿದಲ್ಲಿ, ಆ ಲಾರಿ ಹೊರಡುವ ಮುನ್ನವೇ 'ಬಿ' ಭಾಗದಲ್ಲಿ ಹೊಸ ಸಂಖ್ಯೆಯನ್ನು ದಾಖಲಿಸತಕ್ಕದ್ದು.

5. ಭಾರ ಮತ್ತು ಸರಕು ತುಂಬುವಿಕೆ

ನೋಂದಣಿ ಪ್ರಮಾಣ ಪತ್ರದಲ್ಲಿ ನಮೂದಿಸಿರುವ ಒಟ್ಟು ಭಾರವೇ ಮಿತಿಯಾಗಿರುತ್ತದೆ. ಅಧಿಕ ಭಾರಕ್ಕೆ 2019ರ ತಿದ್ದುಪಡಿಯಾದ 194ನೇ ಪ್ರಕರಣದನ್ವಯ 20,000 ರೂಪಾಯಿ ಹಾಗೂ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದ್ದು, ಹೆಚ್ಚುವರಿ ಸರಕನ್ನು ಸ್ವಂತ ಖರ್ಚಿನಲ್ಲಿ ಇಳಿಸಿದ ನಂತರವಷ್ಟೇ ವಾಹನ ಮುಂದೆ ಸಾಗಬಹುದು. ತೂಕ ಮಾಡಿಸಲು ನಿರಾಕರಿಸಿದಲ್ಲಿ ದಂಡವು 40,000 ರೂಪಾಯಿ. ಸರಕು ತುಂಬಿದ ಕೂಡಲೇ ತೂಕ ಸೇತುವೆಯಲ್ಲಿ ತೂಕ ಮಾಡಿಸಿ ಚೀಟಿಯನ್ನು ಇರಿಸಿಕೊಳ್ಳತಕ್ಕದ್ದು. ಸರಕು ಲಾರಿಯ ಬದಿಗಳಿಂದ ಹೊರಚಾಚುವುದೂ ಕಬ್ಬಿಣದ ಸರಳುಗಳು ಹಿಂದಕ್ಕೆ ಚಾಚಿರುವುದೂ ನಿಷಿದ್ಧ.

6. ಮಾರ್ಗ ಮತ್ತು ಸಮಯ

ಕೆಲವು ಅರಣ್ಯ ಮಾರ್ಗಗಳಲ್ಲಿ ರಾತ್ರಿ ಸಂಚಾರ ನಿಷೇಧವಿದೆ. 2009ರಿಂದ ಬಂಡೀಪುರ ಅರಣ್ಯದ ಮೂಲಕ ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹಾಗೂ ಊಟಿಗೆ ಹೋಗುವ ಎರಡೂ ರಾಷ್ಟ್ರೀಯ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿಗಳಿಗೆ ಪ್ರವೇಶವಿಲ್ಲ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಿಂಬಂ ಘಟ್ಟದಲ್ಲಿ 27 ಕಡಿದಾದ ತಿರುವುಗಳಿದ್ದು, 2022ರ ಫೆಬ್ರವರಿಯಿಂದ ಭಾರಿ ವಾಹನಗಳಿಗೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧವಿದೆ. ರಾತ್ರಿ 9ರ ನಂತರ ಗುಂಡ್ಲುಪೇಟೆ ತಲುಪಿದ ಲಾರಿಯು ಬೆಳಗಿನವರೆಗೆ ಕಾಯಬೇಕಾಗುವುದರಿಂದ, ಬೆಂಗಳೂರು ಅಥವಾ ಮೈಸೂರಿನಿಂದ ಹೊರಡುವ ಸಮಯವನ್ನು ಇದಕ್ಕನುಗುಣವಾಗಿ ನಿಗದಿಪಡಿಸಿಕೊಳ್ಳತಕ್ಕದ್ದು. ಸಮಯ ಮೀರುವುದೆಂದು ಅರಣ್ಯದ ಸಮೀಪ ವೇಗವಾಗಿ ಚಲಾಯಿಸುವುದು ಜನರಿಗೂ ವನ್ಯಪ್ರಾಣಿಗಳಿಗೂ ಅಪಾಯಕಾರಿ.

ಮಹಾನಗರಗಳಲ್ಲಿ ಲಾರಿಗಳ ಪ್ರವೇಶಕ್ಕೆ ಸಮಯದ ನಿರ್ಬಂಧವಿರುವುದರಿಂದ ಸರಕು ಪಡೆಯುವವರನ್ನು ಮುಂಚಿತವಾಗಿ ವಿಚಾರಿಸತಕ್ಕದ್ದು. ಗುಜರಾತ್ ಮತ್ತು ಬಿಹಾರ ರಾಜ್ಯಗಳಲ್ಲಿ ಪಾನನಿಷೇಧ ಜಾರಿಯಲ್ಲಿದ್ದು, ಕ್ಯಾಬಿನ್‌ನಲ್ಲಿ ಸ್ವಂತಕ್ಕೆಂದು ಇರಿಸಿಕೊಂಡ ಮದ್ಯದ ಬಾಟಲಿಯೂ ಅಪರಾಧಕ್ಕೆ ಎಡೆಮಾಡಿಕೊಡುತ್ತದೆ.

7. ತನಿಖೆ ಮತ್ತು ಪಾವತಿ

ತನಿಖೆಗೆ ಸೂಚಿಸಿದಾಗ ವಾಹನವನ್ನು ನಿಲ್ಲಿಸಿ ದಾಖಲೆಗಳನ್ನು ಹಾಜರುಪಡಿಸತಕ್ಕದ್ದು. ಪಾವತಿಸಿದ ಪ್ರತಿ ಮೊತ್ತಕ್ಕೂ ರಸೀದಿ ಪಡೆಯುವುದು ಚಾಲಕರ ಹಕ್ಕು. ಸರಕು ಮತ್ತು ಸೇವಾ ತೆರಿಗೆ ತನಿಖೆಗಾಗಿ ವಾಹನವನ್ನು 30 ನಿಮಿಷಕ್ಕಿಂತ ಹೆಚ್ಚು ಕಾಲ ತಡೆದಲ್ಲಿ, ಆ ಬಗ್ಗೆ ಇ-ವೇ ಬಿಲ್ ಜಾಲತಾಣದಲ್ಲಿ ಇ.ಡಬ್ಲ್ಯು.ಬಿ.-04 ನಮೂನೆಯಲ್ಲಿ ಸಾಗಣೆದಾರರು ಮಾಹಿತಿ ದಾಖಲಿಸಬಹುದು.

ಫಾಸ್ಟ್ಯಾಗ್ ಖಾತೆಯಲ್ಲಿ ಹೋಗಿಬರಲು ಸಾಕಾಗುವಷ್ಟು ಹಣವಿರತಕ್ಕದ್ದು. ಚಾಲ್ತಿಯಲ್ಲಿರುವ ಫಾಸ್ಟ್ಯಾಗ್ ಇಲ್ಲದೆ ನಗದು ಪಾವತಿಸಿದಲ್ಲಿ ರಾಷ್ಟ್ರೀಯ ಹೆದ್ದಾರಿ ಸುಂಕವು ದುಪ್ಪಟ್ಟಾಗುತ್ತದೆ.

8. ಕ್ಯಾಬಿನ್‌ನಲ್ಲಿ ಪ್ರಯಾಣಿಕರು

ದಾರಿಯಲ್ಲಿ ಕೈ ತೋರಿಸಿದವರನ್ನು, ಪರಿಚಿತರೇ ಆಗಿದ್ದರೂ, ಹತ್ತಿಸಿಕೊಳ್ಳಬಾರದು. ಸರಕು ವಾಹನದಲ್ಲಿ ಪ್ರಯಾಣಿಸುವ ಇಂತಹವರಿಗೆ ಕಡ್ಡಾಯ ವಿಮೆಯಡಿ ಪರಿಹಾರ ನೀಡುವ ಹೊಣೆ ವಿಮಾ ಕಂಪನಿಯ ಮೇಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪು ನೀಡಿದೆ. ಅಪಘಾತವಾದಲ್ಲಿ ಪರಿಹಾರದ ಹೊರೆ ವಾಹನ ಮಾಲೀಕರ ಮತ್ತು ಚಾಲಕರ ಮೇಲೆಯೇ ಬೀಳುವ ಸಂಭವವಿದೆ.

9. ವಿಶ್ರಾಂತಿ, ನಿಲುಗಡೆ ಮತ್ತು ಅಪಘಾತ

ದಿನಕ್ಕೆ 8 ಗಂಟೆಗಳ ಕೆಲಸ ಹಾಗೂ 5 ಗಂಟೆಗಳ ನಂತರ ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿ ಎಂಬುದು ಮೋಟಾರು ಸಾರಿಗೆ ಕಾರ್ಮಿಕರ ಬಗ್ಗೆ 1961ರಲ್ಲಿಯೇ ಕಾನೂನು ನಿಗದಿಪಡಿಸಿದ ಪ್ರಮಾಣ. ನಿದ್ರೆ ಬಂದಾಗ ಚಹಾ ಕುಡಿದು ಮುಂದುವರಿಯುವುದು ಪರಿಹಾರವಲ್ಲ. ಲಾರಿ ನಿಲುಗಡೆ ಸ್ಥಳದಲ್ಲಿ ನಿಲ್ಲಿಸಿ ಮಲಗುವುದೇ ಸರಿಯಾದ ಕ್ರಮ. ಕೆಟ್ಟುನಿಂತ ಲಾರಿಯನ್ನು ರಸ್ತೆಯ ಅಂಚಿಗೆ ಸರಿಸಿ, ಪಾರ್ಕಿಂಗ್ ದೀಪ ಹಾಕಿ, ಹಿಂಬದಿಯಲ್ಲಿ ಸಾಕಷ್ಟು ದೂರದಲ್ಲಿ ಪ್ರತಿಫಲಕ ತ್ರಿಕೋನವನ್ನು ಇರಿಸತಕ್ಕದ್ದು. ಕಲ್ಲುಗಳನ್ನು ಇಟ್ಟು ಹಾಗೆಯೇ ಬಿಟ್ಟು ಹೋಗಬಾರದು.

ಅಪಘಾತ ಸಂಭವಿಸಿದಲ್ಲಿ 134ನೇ ಪ್ರಕರಣದ ಮೇರೆಗೆ ಗಾಯಾಳುವಿಗೆ ವೈದ್ಯಕೀಯ ನೆರವು ದೊರಕಿಸುವುದು ಚಾಲಕರ ಕರ್ತವ್ಯ. ಜನರ ಗುಂಪಿನಿಂದ ಅಪಾಯವಿದ್ದು ಸ್ಥಳದಲ್ಲಿ ನಿಲ್ಲಲಾಗದಿದ್ದರೆ, ಸಮೀಪದ ಪೊಲೀಸ್ ಠಾಣೆಗೆ ಆದಷ್ಟು ಬೇಗ, ತಪ್ಪಿದಲ್ಲಿ 24 ಗಂಟೆಗಳೊಳಗೆ, ವರದಿ ಮಾಡತಕ್ಕದ್ದು. ತುರ್ತು ಸಹಾಯಕ್ಕೆ 112 ಹಾಗೂ ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಂಖ್ಯೆಗೆ ಕರೆ ಮಾಡಬಹುದು. ಕರೆ ಮಾಡುವಾಗ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ತಿಳಿಸಿದಲ್ಲಿ ಭಾಷೆ ಬಾರದ ಊರಿನಲ್ಲಿಯೂ ನೆರವು ಬೇಗ ತಲುಪುತ್ತದೆ.

10. ಸರಕು ಇಳಿಸಿದ ನಂತರ

ಲಾರಿ ರಸೀದಿಯ ಪ್ರತಿಯ ಮೇಲೆ ಸರಕು ಪಡೆದವರ ಸಹಿ, ಮೊಹರು, ತಲುಪಿದ ಹಾಗೂ ಇಳಿಸಿದ ದಿನಾಂಕ ಮತ್ತು ಸಮಯವನ್ನು ಬರೆಯಿಸಿಕೊಳ್ಳತಕ್ಕದ್ದು. ಕೊರತೆ ಅಥವಾ ಹಾನಿ ಕಂಡುಬಂದಲ್ಲಿ ಅದನ್ನೂ ಅಲ್ಲಿಯೇ ನಮೂದಿಸಬೇಕು. ಬಾಡಿಗೆಯ ಬಾಕಿ ಮತ್ತು ಹಾಲ್ಟಿಂಗ್ ಹಣ ಪಡೆಯಲು ಈ ಒಂದು ಕಾಗದವೇ ಆಧಾರವಾಗಿರುತ್ತದೆ.

ರಹದಾರಿ, ಅರ್ಹತಾ ಪ್ರಮಾಣ ಪತ್ರ ಹಾಗೂ ಪರವಾನಗಿ ನವೀಕರಣದ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ವಾಹನ ಮಾಲೀಕರು ಮತ್ತು ಚಾಲಕರು ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಅಧಿಕಾರಿಯವರ ಕಛೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.